ಡೈಯಲ್ಲಿ ಕತ್ತರಿಸಿದ ತುಂಡುಗಳಿಂದ ನಕ್ಷತ್ರದ ಕ್ವಿಲ್ಟ್ ಹೊಲಿಯುವುದು ಹೇಗೆ?

ಬಟ್ಟೆಯ ತುಂಡುಗಳನ್ನು ಜೋಡಿಸಿ, ಒಳಗೆ ಹತ್ತಿಯ ಪದರ ಇಟ್ಟು ಹೊಲಿಯುವ ಹೊದಿಕೆಯೇ ಕ್ವಿಲ್ಟ್. ಅದನ್ನು ಹೊಲಿಯಲು ಹೊರಟವರಲ್ಲಿ ಹೆಚ್ಚಿನವರು ಸುಸ್ತಾಗುವುದು ಹೊಲಿಗೆಯಲ್ಲಿ ಅಲ್ಲ, ಕತ್ತರಿಸುವುದರಲ್ಲಿ. ಈ ಲೇಖನದಲ್ಲಿ ಹೇಳುವ ಕ್ವಿಲ್ಟ್ ಅಂಥ ದೊಡ್ಡದೇನಲ್ಲ. ಆದರೂ ಅದಕ್ಕೆ 260 ತುಂಡು ಬೇಕು. ಸ್ಕೇಲ್ ಇಟ್ಟು, ಗೆರೆ ಎಳೆದು, ಒಂದೊಂದನ್ನೇ ಕತ್ತರಿಸುತ್ತ ಹೋದರೆ ಕೈ ಸೋಲುತ್ತದೆ. ಕೈ ಸೋತ ಮೇಲೆ ಅಳತೆಯೂ ಜಾರುತ್ತದೆ. ಡೈ, ಅಂದರೆ ಬಟ್ಟೆಯನ್ನು ಒತ್ತಿ ಆಕಾರಕ್ಕೆ ಕತ್ತರಿಸುವ ಅಚ್ಚು, ಇದ್ದರೆ ಈ ತೊಂದರೆ ಇಲ್ಲ. ಮೊದಲ ತುಂಡೂ ಕೊನೆಯ ತುಂಡೂ ಒಂದೇ ಅಳತೆಯಲ್ಲಿ ಬರುತ್ತವೆ.

ಆದರೆ ಡೈ ಮಾಡಿಕೊಡುವುದು ಅಷ್ಟನ್ನೇ. ಕರಾರುವಾಕ್ಕಾಗಿ ಕತ್ತರಿಸಿದ ತುಂಡನ್ನು ಹೊಲಿಯುವಾಗ ಅರ್ಧ ನೂಲು ಆಚೀಚೆ ಮಾಡಿದರೆ, ಇಸ್ತ್ರಿ ಹಾಕುವಾಗ ಎಳೆದರೆ, ಡೈಗೆ ಕೊಟ್ಟ ದುಡ್ಡು ಸುಮ್ನೆ ಹೋದ ಹಾಗೆ. ಹಾಗಾಗಿ ಈ ಮಾರ್ಗದರ್ಶಿಯಲ್ಲಿ ಕತ್ತರಿಸುವುದರಷ್ಟೇ ಜಾಗವನ್ನು ಹೊಲಿಗೆಗೂ ಇಸ್ತ್ರಿಗೂ ಕೊಟ್ಟಿದ್ದೇನೆ. ನೇರ ಹೊಲಿಗೆ ಹಾಕಲು ಬಂದರೆ ಸಾಕು, ಕ್ವಿಲ್ಟ್ ಹೊಲಿದು ಅಭ್ಯಾಸ ಇರಬೇಕಾಗಿಲ್ಲ.

ಡೈ ಅಂದರೆ ಏನು

ಡೈ ಒಂದು ಗಟ್ಟಿ ಹಲಗೆ. ಅದರಲ್ಲಿ ಬೇಕಾದ ಆಕಾರಕ್ಕೆ ಬಗ್ಗಿಸಿದ ಉಕ್ಕಿನ ಅಲಗನ್ನು ನಿಲ್ಲಿಸಿರುತ್ತಾರೆ. ಅಲಗಿನ ಸುತ್ತ ಫೋಮ್ ತುಂಬಿರುತ್ತಾರೆ. ಫೋಮಿನ ಮೇಲೆ ಬಟ್ಟೆ, ಬಟ್ಟೆಯ ಮೇಲೆ ಪ್ಲಾಸ್ಟಿಕ್ ಮ್ಯಾಟ್ ಇಟ್ಟು ಎರಡು ರೋಲರ್‌ಗಳ ನಡುವೆ ತಳ್ಳಿ ಹಿಡಿಕೆ ತಿರುಗಿಸಿದರೆ ಆಯಿತು. ಒತ್ತಡಕ್ಕೆ ಫೋಮ್ ಕುಗ್ಗುತ್ತದೆ, ಅಲಗು ಬಟ್ಟೆಯನ್ನು ಸೀಳಿ ಮ್ಯಾಟ್ ಮುಟ್ಟುತ್ತದೆ. ರೋಲರ್ ದಾಟಿದ ಮೇಲೆ ಫೋಮ್ ಮತ್ತೆ ಉಬ್ಬಿ ತುಂಡನ್ನು ಮೇಲಕ್ಕೆ ತಳ್ಳುತ್ತದೆ.

ಕ್ವಿಲ್ಟ್ ಮಾಡುವವರು ಹೆಚ್ಚಾಗಿ ಬಳಸುವುದು ಆಕ್ಯುಕ್ವಿಲ್ಟ್ ಗೋ, ಸಿಜಿಕ್ಸ್ ಬಿಗ್ ಶಾಟ್ ಥರದ ಯಂತ್ರಗಳನ್ನು. ಯಂತ್ರದಿಂದ ಯಂತ್ರಕ್ಕೆ ಡೈಯ ದಪ್ಪವೂ ಮ್ಯಾಟ್ ಇಡುವ ಕ್ರಮವೂ ಬೇರೆ. ಕೆಲವಕ್ಕೆ ಡೈಯ ಕೆಳಗೂ ಒಂದು ಮ್ಯಾಟ್ ಬೇಕು, ಕೆಲವಕ್ಕೆ ಮೇಲೊಂದೇ ಸಾಕು. ನಿಮ್ಮ ಯಂತ್ರದ ಕೈಪಿಡಿ ಹೇಳಿದ ಕ್ರಮವನ್ನೇ ಅನುಸರಿಸಿ. ಒಂದು ಯಂತ್ರದ ಡೈಯನ್ನು ಇನ್ನೊಂದಕ್ಕೆ ಬಲವಂತವಾಗಿ ತುರುಕಬೇಡಿ. ಕಂಪ್ಯೂಟರಿಗೆ ಜೋಡಿಸುವ ಕತ್ತರಿಸುವ ಯಂತ್ರಗಳೂ ಇವೆ. ಆದರೆ ಅವು ಬಟ್ಟೆಯನ್ನು ಒಂದೊಂದೇ ಪದರ ಕತ್ತರಿಸುತ್ತವೆ. ಒಂದೇ ಆಕಾರ ನೂರಾರು ಬೇಕಾದಾಗ ರೋಲರ್ ಯಂತ್ರವೇ ವಾಸಿ.

ಡೈ ಕೊಳ್ಳುವಾಗ ಒಂದು ವಿಷಯ ಗಮನಿಸಿ. ಅದರ ಮೇಲೆ ಎರಡು ಅಳತೆ ಇರುತ್ತದೆ. ಒಂದು ಕತ್ತರಿಸಿದಾಗಿನ ಅಳತೆ, ಇನ್ನೊಂದು ಹೊಲಿದ ಮೇಲೆ ಉಳಿಯುವ ಅಳತೆ. ಚೌಕ ಹೊಲಿದ ಮೇಲೆ 3 ಇಂಚು ಇರಬೇಕಾದರೆ ಅದನ್ನು 3½ ಇಂಚಿಗೆ ಕತ್ತರಿಸಿರಬೇಕು, ಯಾಕೆಂದರೆ ಸುತ್ತಲೂ ಕಾಲು ಇಂಚು ಹೊಲಿಗೆಗೆ ಹೋಗುತ್ತದೆ. ಬೇರೆ ಬೇರೆ ಆಕಾರ ಜೋಡಿಸುವಾಗ ಎಲ್ಲ ಡೈಗಳಲ್ಲೂ ಹೊಲಿದ ಮೇಲಿನ ಅಳತೆ ಹೊಂದಬೇಕು. ನಮಗೆ ಬೇಕಾದದ್ದು ಎರಡೇ ಡೈ: ಹೊಲಿದ ಮೇಲೆ 3 ಇಂಚು ಬರುವ ಚೌಕ, ಹೊಲಿದ ಮೇಲೆ 3 ಇಂಚಿನ ಚೌಕದ ಅರ್ಧ ಆಗುವ ತ್ರಿಕೋನ.

ತ್ರಿಕೋನದ ಡೈ ನೋಡಿದರೆ ಚೂಪು ತುದಿಗಳು ಮೊಂಡಾಗಿರುವುದು ಕಾಣುತ್ತದೆ. ಅದು ಡೈಯ ದೋಷ ಅಲ್ಲ. ಕತ್ತರಿಯಲ್ಲಿ ಕತ್ತರಿಸಿದ ತ್ರಿಕೋನ ಹೊಲಿದಾಗ ಮೂಲೆಗಳಲ್ಲಿ ಪುಟ್ಟ ಕಿವಿಗಳು ಚಾಚಿಕೊಳ್ಳುತ್ತವೆ, ಆಮೇಲೆ ಒಂದೊಂದನ್ನೇ ಕತ್ತರಿಸಿ ತೆಗೆಯಬೇಕು. ಡೈ ಆ ಕಿವಿಗಳನ್ನು ಮೊದಲೇ ತೆಗೆದಿರುತ್ತದೆ. ಎರಡು ತುಂಡನ್ನು ಎಲ್ಲಿಗೆ ಎಲ್ಲಿ ಹೊಂದಿಸಬೇಕು ಅನ್ನುವುದನ್ನೂ ಆ ಮೊಂಡು ಮೂಲೆಗಳೇ ತೋರಿಸುತ್ತವೆ. ಡೈಯಲ್ಲಿ ಕತ್ತರಿಸುವುದರ ದೊಡ್ಡ ಲಾಭ ಇದೇ ಅಂತ ನನಗನ್ನಿಸುತ್ತದೆ. ವೇಗ ಎರಡನೆಯದು.

ನಾವು ಮಾಡುವ ಕ್ವಿಲ್ಟ್

ಮಾದರಿಯ ಹೆಸರು ಫ್ರೆಂಡ್‌ಶಿಪ್ ಸ್ಟಾರ್. 3 ಸಾಲು, ಸಾಲಿಗೆ 3 ಮನೆ, ಒಟ್ಟು 9 ಮನೆಯ ಬ್ಲಾಕ್. ನಡುವೆ ಬಣ್ಣದ ಚೌಕ. ನಾಲ್ಕು ಮೂಲೆಯಲ್ಲಿ ತಿಳಿ ಬಣ್ಣದ ಚೌಕ. ಉಳಿದ ನಾಲ್ಕು ಮನೆಯಲ್ಲಿ ಅರ್ಧ ಬಣ್ಣ, ಅರ್ಧ ತಿಳಿ ಬಣ್ಣದ ತ್ರಿಕೋನ ಜೋಡಿ. ಹೊಲಿದ ಮೇಲೆ ಬ್ಲಾಕ್ 9 ಇಂಚು. ಅಡ್ಡಕ್ಕೆ 4, ಉದ್ದಕ್ಕೆ 5, ಒಟ್ಟು 20 ಬ್ಲಾಕ್. ಸುತ್ತ 3 ಇಂಚಿನ ಬಾರ್ಡರ್. ಮುಗಿದಾಗ 42 ಇಂಚು ಅಗಲ, 51 ಇಂಚು ಉದ್ದ. ಮಗುವಿಗೆ ಹೊದೆಸಲು, ದೊಡ್ಡವರು ಕಾಲ ಮೇಲೆ ಹಾಕಿಕೊಳ್ಳಲು ಸರಿಯಾದ ಗಾತ್ರ.

ಲೆಕ್ಕ ಹೀಗಿದೆ: ಬಣ್ಣದ ಚೌಕ 20, ಬಣ್ಣದ ತ್ರಿಕೋನ 80, ತಿಳಿ ಬಣ್ಣದ ಚೌಕ 80, ತಿಳಿ ಬಣ್ಣದ ತ್ರಿಕೋನ 80.

44 ಇಂಚು ಅಗಲದ ಹತ್ತಿ ಬಟ್ಟೆಯಾದರೆ ಬೇಕಾಗುವುದು ಇಷ್ಟು:

- ಹಿನ್ನೆಲೆಗೂ ಬಾರ್ಡರಿಗೂ ಒಂದೇ ತಿಳಿ ಬಣ್ಣ, 2¼ ಮೀಟರ್
- ನಕ್ಷತ್ರಕ್ಕೆ 5 ಬಗೆಯ ಬಣ್ಣದ ಬಟ್ಟೆ, ಒಂದೊಂದು 30 ಸೆಂಟಿಮೀಟರ್ (ಒಂದೊಂದರಿಂದ 4 ನಕ್ಷತ್ರ ಆಗುತ್ತವೆ)
- ಹಿಂಬದಿಗೆ 2.6 ಮೀಟರ್
- ಅಂಚುಪಟ್ಟಿಗೆ 40 ಸೆಂಟಿಮೀಟರ್
- ಒಳಗೆ ಹಾಕುವ ಹತ್ತಿಯ ಪದರ, ಅಂದರೆ ವಾಡಿಂಗ್, 50 ಇಂಚು ಅಗಲ, 59 ಇಂಚು ಉದ್ದ

ಡೈಯಿಂದ ಡೈಗೆ ಆಕಾರಗಳ ಜೋಡಣೆ ಬೇರೆ ಇರುತ್ತದೆ, ಹಾಗಾಗಿ ಸ್ವಲ್ಪ ಜಾಸ್ತಿಯೇ ಹೇಳಿದ್ದೇನೆ. ಡೈಯಲ್ಲಿ ಕತ್ತರಿಸುವಾಗ ಆಕಾರಗಳ ನಡುವೆ ಬಟ್ಟೆ ಪೋಲಾಗುವುದು ಇದ್ದದ್ದೇ.

ಬಾರ್ಡರಿಗೆ ಹಿನ್ನೆಲೆಯ ಬಣ್ಣವನ್ನೇ ಹಾಕಿದರೆ ಹೊರಸಾಲಿನ ನಕ್ಷತ್ರಗಳಿಗೂ ಉಸಿರಾಡಲು ಜಾಗ ಸಿಗುತ್ತದೆ. ಬೇರೆ ಬಣ್ಣ ಇಷ್ಟ ಅನ್ನುವವರು ಹಿನ್ನೆಲೆಯ ಬಟ್ಟೆಯಲ್ಲಿ ಅರ್ಧ ಮೀಟರ್ ಕಡಿಮೆ ತಂದು ಅಷ್ಟನ್ನು ಬೇರೆ ಬಣ್ಣದಲ್ಲಿ ತನ್ನಿ.

ಬಟ್ಟೆ ಸಿದ್ಧ ಮಾಡಿಕೊಳ್ಳುವುದು

ಮೊದಲ ಕ್ವಿಲ್ಟಿಗೆ ಅಪ್ಪಟ ಹತ್ತಿ ಬಟ್ಟೆಯನ್ನೇ ಆರಿಸಿ. ಜಾರುವ ಬಟ್ಟೆ ಡೈ ಮೇಲೆ ನಿಲ್ಲುವುದಿಲ್ಲ. ಹಿಗ್ಗುವ ಬಟ್ಟೆ ರೋಲರ್ ಕೆಳಗೆ ಸೊಟ್ಟಾಗುತ್ತದೆ.

ಬಟ್ಟೆ ಒಗೆಯುವುದಿದ್ದರೆ ಕತ್ತರಿಸುವ ಮೊದಲೇ ಒಗೆಯಿರಿ. ಕತ್ತರಿಸಿದ ತುಂಡನ್ನು ಎಂದಿಗೂ ನೀರಿಗೆ ಹಾಕಬೇಡಿ, ಅಂಚೆಲ್ಲ ನೂಲು ಬಿಟ್ಟು ಆಕಾರವೇ ಹೋಗುತ್ತದೆ. ಗಾಢ ಕೆಂಪು, ಕಡು ನೀಲಿ ಇದ್ದರೆ ಬಿಳಿ ಬಟ್ಟೆಯೊಂದನ್ನು ಒದ್ದೆ ಮಾಡಿ ಉಜ್ಜಿ ನೋಡಿ. ಬಣ್ಣ ಹತ್ತಿದರೆ ಒಗೆಯಲೇಬೇಕು. ಇಲ್ಲವಾದರೆ ಕ್ವಿಲ್ಟ್ ಮೊದಲ ಸಲ ಒಗೆದಾಗ ತಿಳಿ ಬಣ್ಣಕ್ಕೆಲ್ಲ ಅದು ಹರಡುತ್ತದೆ.

ಒಗೆದ ಬಟ್ಟೆ ಮೆತ್ತಗಾಗಿರುತ್ತದೆ. ಅದಕ್ಕೆ ಗಂಜಿ ಹಾಕಿ ಇಸ್ತ್ರಿ ಮಾಡಿ. ಒಗೆಯದ ಬಟ್ಟೆಗೂ ತೆಳುವಾಗಿ ಗಂಜಿ ಹಾಕಿದರೆ ಒಳ್ಳೆಯದೇ. ಬಟ್ಟೆ ಕಾಗದದ ಹಾಗೆ ಬಿರುಸಾದಷ್ಟೂ ಅಲಗು ಚೊಕ್ಕವಾಗಿ ಕತ್ತರಿಸುತ್ತದೆ, ತ್ರಿಕೋನದ ಓರೆ ಅಂಚೂ ಹಿಗ್ಗುವುದಿಲ್ಲ.

ಈಗ ನೂಲಿನ ವಿಚಾರ. ಇದನ್ನು ಹಲವರು ಬಿಟ್ಟೇ ಬಿಡುತ್ತಾರೆ, ಆಮೇಲೆ ಬ್ಲಾಕ್ ಯಾಕೆ ಚಪ್ಪಟೆಯಾಗಿ ಕೂರುವುದಿಲ್ಲ ಅಂತ ತಲೆ ಕೆಡಿಸಿಕೊಳ್ಳುತ್ತಾರೆ. ಬಟ್ಟೆಯ ಗಟ್ಟಿ ಅಂಚಿನ ಉದ್ದಕ್ಕೆ ಹೋಗುವ ಹಾಸು ನೂಲು ಎಳೆದರೆ ಬಗ್ಗುವುದಿಲ್ಲ. ಅಡ್ಡಕ್ಕೆ ಹೋಗುವ ಹೊಕ್ಕು ನೂಲು ಸ್ವಲ್ಪ ಎಳೆತ ಕೊಡುತ್ತದೆ. ಓರೆಯಾಗಿ, ಅಂದರೆ ಕ್ರಾಸ್ ಆಗಿ ಎಳೆದರೆ ಬಟ್ಟೆ ಚೆನ್ನಾಗಿಯೇ ಹಿಗ್ಗುತ್ತದೆ. ತ್ರಿಕೋನದ ಎರಡು ಗಿಡ್ಡ ಬದಿಗಳು ಹಾಸು, ಹೊಕ್ಕಿನ ಗುಂಟ ಬರಬೇಕು. ಹಾಗಿದ್ದರೆ ಓರೆ ಅಂಚು ಉದ್ದ ಬದಿಗೆ ಮಾತ್ರ ಬರುತ್ತದೆ. ಆ ಬದಿ ಜೋಡಿಯ ಒಳಗೆ ಹೊಲಿಗೆಯಲ್ಲಿ ಸೇರಿಹೋಗುತ್ತದೆ. ಬ್ಲಾಕಿನ ಹೊರ ಅಂಚುಗಳು ಗಟ್ಟಿಯಾಗಿ ಉಳಿಯುತ್ತವೆ.

ಡೈ ಮೇಲೆ ಆಕಾರ ನೇರವಾಗಿದ್ದರೆ ಹಾಸು ನೂಲು ಯಂತ್ರದೊಳಗೆ ಸಾಗುವ ದಿಕ್ಕಿಗೆ ಇರಲಿ. ರೋಲರ್ ಬಟ್ಟೆಯನ್ನು ತಳ್ಳುವ ದಿಕ್ಕಿಗೆ ಹಿಗ್ಗದ ನೂಲು ಇದ್ದರೆ ತುಂಡು ಸೊಟ್ಟಾಗುವುದಿಲ್ಲ. ಆಕಾರ ಓರೆಯಾಗಿ ಕೂತಿದ್ದರೆ ಬಟ್ಟೆಯನ್ನೂ ಅದೇ ಓರೆಯಲ್ಲಿ ಇಡಿ. ಎರಡರಲ್ಲೂ ನೋಡಬೇಕಾದದ್ದು ಆಕಾರದ ಗಿಡ್ಡ ಬದಿಗಳನ್ನು, ಹಲಗೆಯ ಅಂಚನ್ನಲ್ಲ.

ಕತ್ತರಿಸುವುದು

ಬಾರ್ಡರಿನ ಬಟ್ಟೆಯನ್ನು ಮೊದಲು ತೆಗೆದಿಡಿ. 3½ ಇಂಚು ಅಗಲದ 5 ಪಟ್ಟಿ ಬೇಕು. ಇದನ್ನು ಡೈ ಇಲ್ಲದೆ ರೋಟರಿ ಕಟ್ಟರ್ (ಉರುಳುವ ದುಂಡು ಅಲಗಿನ ಕಟ್ಟರ್) ಅಥವಾ ಕತ್ತರಿಯಲ್ಲೇ ಕತ್ತರಿಸಿ.

ಉಳಿದ ಬಟ್ಟೆಯನ್ನು ಡೈಗೆ ತಕ್ಕ ಪಟ್ಟಿಗಳಾಗಿ ಸೀಳಿಕೊಳ್ಳಿ. ಅಲಗು ಹರಡಿರುವ ಜಾಗವನ್ನು ಅಳೆದು, ಸುತ್ತಲೂ ಕಾಲು ಇಂಚು ಸೇರಿಸಿದರೆ ಪಟ್ಟಿಯ ಅಗಲ ಸಿಗುತ್ತದೆ. ಒಂದೇ ಚೌಕದ ಡೈಗೆ 4 ಇಂಚಿನ ಪಟ್ಟಿ ಸಾಕು. ಇಡೀ ಹಲಗೆ ಮುಚ್ಚುವಷ್ಟು ಬಟ್ಟೆ ಹಾಸಬೇಡಿ. ಬಟ್ಟೆ ವ್ಯರ್ಥ, ಅಷ್ಟೇ ಅಲ್ಲ, ಅಲಗು ಎಲ್ಲಿದೆ ಅನ್ನುವುದೂ ಕಾಣುವುದಿಲ್ಲ. ಹಲಗೆಯ ಅಂಚಿನಲ್ಲಿ ಅಲಗಿನ ನೇರಕ್ಕೆ ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡರೆ ಕಣ್ಣಿಗೆ ಅನುಕೂಲ.

ಪಟ್ಟಿಯನ್ನು ಬೀಸಣಿಗೆಯ ಹಾಗೆ ಆ ಕಡೆ ಈ ಕಡೆ ಮಡಚುತ್ತ ಪದರ ಮಾಡಿ. ಹತ್ತಿ ಬಟ್ಟೆಯಾದರೆ ಸಾಮಾನ್ಯವಾಗಿ 4ರಿಂದ 6 ಪದರ ಒಟ್ಟಿಗೆ ಕತ್ತರಿಸಬಹುದು. ನಿಮ್ಮ ಡೈ ಮೇಲೆ ಎಷ್ಟು ಅಂತ ಬರೆದಿದೆಯೋ ಅದಕ್ಕಿಂತ ಜಾಸ್ತಿ ಬೇಡ. ಮೊದಲು ಹಳೆಯ ಬಟ್ಟೆಯೊಂದರಲ್ಲಿ 2 ಪದರ ಇಟ್ಟು ನೋಡಿ, ಆಮೇಲೆ ಹೆಚ್ಚಿಸಿ.

ಚೌಕಗಳದು ಇಷ್ಟೇ. ತ್ರಿಕೋನಕ್ಕೆ ಒಂದು ಉಪಾಯ ಇದೆ, ಇದನ್ನು ಖಂಡಿತ ಮಾಡಿ. ತಿಳಿ ಬಣ್ಣದ ಪಟ್ಟಿ, ಬಣ್ಣದ ಪಟ್ಟಿ ಎರಡನ್ನೂ ಮುಖಕ್ಕೆ ಮುಖ ಮಾಡಿ ಒಂದರ ಮೇಲೊಂದು ಇಟ್ಟು ಇಸ್ತ್ರಿ ಮಾಡಿ. ಗಂಜಿ ಇರುವುದರಿಂದ ಎರಡೂ ಅಂಟಿಕೊಂಡ ಹಾಗೆ ನಿಲ್ಲುತ್ತವೆ. ಈ ಜೋಡಿಯನ್ನೇ ಮಡಚಿ 6 ಪದರ ಮಾಡಿ ಕತ್ತರಿಸಿ. ಮಡಚಿದರೂ ಜೋಡಿಗಳು ಮುಖಕ್ಕೆ ಮುಖವಾಗಿಯೇ ಉಳಿಯುತ್ತವೆ. ಡೈಯಿಂದ ಎತ್ತಿದಾಗ ಮೂಲೆಗೆ ಮೂಲೆ ಹೊಂದಿದ ಜೋಡಿಗಳು ಕೈಗೆ ಬರುತ್ತವೆ, ನೇರ ಯಂತ್ರದ ಸೂಜಿಯ ಕೆಳಗೆ ಕೊಟ್ಟರೆ ಆಯಿತು. ಪಿನ್ ಚುಚ್ಚುವ ಕೆಲಸವೂ ಇಲ್ಲ. ನಿಮ್ಮ ಡೈಯಲ್ಲಿ 4 ತ್ರಿಕೋನ ಇದ್ದರೆ 6 ಪದರಕ್ಕೆ ಒಂದು ಸಲಕ್ಕೆ 12 ಜೋಡಿ. 80 ಜೋಡಿಗೆ ಹಿಡಿಕೆ ತಿರುಗಿಸುವುದು 7 ಸಲ, ಅಷ್ಟೇ.

ರೋಲರಿನೊಳಗೆ ಬಿಡುವಾಗ ಉದ್ದನೆಯ ಅಲಗು ರೋಲರಿಗೆ ಸರಿಸಮನಾಗಿ ಎದುರಾಗದಿರಲಿ. ಇಡೀ ಅಲಗು ಒಂದೇ ಸಲ ರೋಲರಿಗೆ ಸಿಕ್ಕಿದರೆ ಹಿಡಿಕೆ ಭಾರವಾಗುತ್ತದೆ, ಕೆಲವೊಮ್ಮೆ ಅಲ್ಲೇ ನಿಲ್ಲುತ್ತದೆ. ಡೈಯ ಅಗಲ ಬಿಟ್ಟುಕೊಟ್ಟರೆ ಸ್ವಲ್ಪ ತಿರುಗಿಸಿ ಇಡಿ. ಹಿಡಿಕೆಯನ್ನು ನಿಲ್ಲಿಸದೆ, ಅವಸರವಿಲ್ಲದೆ ತಿರುಗಿಸಿ.

ಮ್ಯಾಟನ್ನು ಒಂದೇ ಬದಿಯಲ್ಲಿ ಬಳಸುತ್ತ ಹೋದರೆ ಅದು ಬಾಗುತ್ತದೆ, ಒಂದೇ ಕಡೆ ಗೀರು ಆಳವಾಗುತ್ತದೆ. ಪ್ರತಿ ಸಲ ಮಗುಚಿ ಹಾಕಿ, ಆಗಾಗ ತಿರುಗಿಸಿ ಇಡಿ. ತುಂಡಿನ ಒಂದೇ ಜಾಗದಲ್ಲಿ ಪದೇ ಪದೇ ನೂಲು ಕತ್ತರಿಸದೆ ಉಳಿದರೆ ಮೊದಲು ಮ್ಯಾಟ್ ನೋಡಿ. ಆಳವಾದ ಗೀರು ಅದೇ ಜಾಗಕ್ಕೆ ಬರುತ್ತಿರಬಹುದು. ಮ್ಯಾಟ್ ಸರಿಯಿದ್ದರೆ ಒಂದು ಪದರ ಕಡಿಮೆ ಮಾಡಿ. ಅದಕ್ಕೂ ಬಗ್ಗದಿದ್ದರೆ ಅಲಗಿಗೇ ಪೆಟ್ಟಾಗಿದೆ. ಅಂಥ ಕಡೆ ಉಳಿದ ನೂಲನ್ನು ಎಳೆದು ಕೀಳಬೇಡಿ, ಕತ್ತರಿ ತುದಿಯಿಂದ ಕತ್ತರಿಸಿ. ಎಳೆದರೆ ಅಂಚು ಹಿಗ್ಗುತ್ತದೆ.

ಅಲಗಿನ ಬುಡದಲ್ಲಿ ಸೇರಿದ ನೂಲಿನ ಚೂರುಗಳನ್ನು ಆಗಾಗ ತೆಗೆಯಿರಿ. ಹಲ್ಲುಕಡ್ಡಿ ಅಥವಾ ಚಿಮಟ ಬಳಸಿ. ಫೋಮಿನೊಳಗೆ ಬೆರಳು ಒತ್ತಬೇಡಿ, ಅಲಗು ಮೇಲಕ್ಕೆ ಕಾಣದಿದ್ದರೂ ಹರಿತವಾಗಿಯೇ ಇರುತ್ತದೆ. ಮಕ್ಕಳಿರುವ ಮನೆಯಲ್ಲಿ ಡೈಗಳನ್ನು ಮೇಲಿನ ಕಪಾಟಿನಲ್ಲಿ ನಿಲ್ಲಿಸಿ ಇಡಿ.

ಕಾಲು ಇಂಚಿನ ಪರೀಕ್ಷೆ

ನಿಜವಾದ ತುಂಡು ಹೊಲಿಯುವ ಮುಂಚೆ ಈ ಪರೀಕ್ಷೆ ಮಾಡಿ. ಬೇಡದ ಬಟ್ಟೆಯಲ್ಲಿ 3½ ಇಂಚಿನ 3 ಚೌಕ ಕತ್ತರಿಸಿ. ಸಾಲಾಗಿ ಹೊಲಿದು, ಇಸ್ತ್ರಿ ಹಾಕಿ, ಅಳೆಯಿರಿ. ಉದ್ದ ಸರಿಯಾಗಿ 9½ ಇಂಚು ಬರಬೇಕು.

ಹೆಚ್ಚಿನವರಿಗೆ ಮೊದಲ ಸಲ ಕಡಿಮೆಯೇ ಬರುತ್ತದೆ. ಕಾಲು ಇಂಚಿಗೇ ಹೊಲಿದೆನಲ್ಲ ಅನ್ನಿಸಬಹುದು. ಹೊಲಿಗೆಯ ಬಳಿ ಬಟ್ಟೆ ಮಡಚಿಕೊಳ್ಳುತ್ತದೆ, ದಾರಕ್ಕೂ ಒಂದಿಷ್ಟು ದಪ್ಪ ಇದೆ. ಆ ಮಡಿಕೆ ಒಂದೆರಡು ನೂಲಿನಷ್ಟು ಅಗಲ ತಿನ್ನುತ್ತದೆ. ಹಾಗಾಗಿ ಕಾಲು ಇಂಚಿಗಿಂತ ಒಂದೆರಡು ನೂಲು ಕಡಿಮೆ ಇಟ್ಟು ಹೊಲಿಯಬೇಕು. ಸೂಜಿಯ ಜಾಗ ಬದಲಿಸಲು ಬರುವ ಯಂತ್ರವಾದರೆ ಸೂಜಿಯನ್ನು ಸ್ವಲ್ಪ ಬಲಕ್ಕೆ ಸರಿಸಿ. ಇಲ್ಲವಾದರೆ ಯಂತ್ರದ ಮೇಲೆ ಟೇಪಿನ ದಪ್ಪ ತುಂಡೊಂದನ್ನು ಅಂಟಿಸಿ, ಬಟ್ಟೆಯ ಅಂಚು ಅದಕ್ಕೆ ತಾಗಿಕೊಂಡೇ ಹೋಗಲಿ. 9½ ಬರುವವರೆಗೆ ಟೇಪನ್ನು ಸರಿಸುತ್ತ ನೋಡಿ.

ಇದು ಅತಿಯಾಯಿತು ಅನ್ನಿಸಿದರೆ ಲೆಕ್ಕ ಹಾಕಿ ನೋಡಿ. ನಮ್ಮ ಕ್ವಿಲ್ಟಿನ ಅಡ್ಡಕ್ಕೆ 12 ತುಂಡು, ನಡುವೆ 11 ಹೊಲಿಗೆ. ಪ್ರತಿ ಹೊಲಿಗೆಯಲ್ಲಿ ಇಂಚಿನ 16ನೇ ಒಂದು ಭಾಗ ಹೆಚ್ಚು ಹಿಡಿದರೂ, ಎರಡೂ ಬದಿಯ ಬಟ್ಟೆ ಸೇರಿ 8ನೇ ಒಂದು ಭಾಗ ಹೋಗುತ್ತದೆ. 11 ಹೊಲಿಗೆಗೆ ಅದು 1⅜ ಇಂಚು. ಎಲ್ಲ ಬ್ಲಾಕೂ ಒಂದೇ ಥರ ಚಿಕ್ಕದಾದರೆ ಹೇಗೋ ನಡೆಯುತ್ತದೆ. ಒಂದು ಹೆಚ್ಚು, ಒಂದು ಕಡಿಮೆ ಆದಾಗ ಮೂಲೆಗಳು ಹೊಂದುವುದೇ ಇಲ್ಲ.

ಸೂಜಿ 80/12 ಅಥವಾ 75/11, ಹತ್ತಿಯ ತೆಳು ದಾರ, ಹೊಲಿಗೆಯ ಉದ್ದ 2ರಿಂದ 2.5 ಮಿಲಿಮೀಟರ್. ಹೊಸ ಸೂಜಿ ಹಾಕಿಕೊಂಡೇ ಶುರು ಮಾಡಿ.

ತ್ರಿಕೋನ ಜೋಡಿಸುವುದು

ಜೋಡಿಯ ಉದ್ದ ಬದಿಯನ್ನು ಹೊಲಿಯಬೇಕು. ತುದಿ ಕಿರಿದಾಗಿರುವುದರಿಂದ ಕೆಲವು ಯಂತ್ರಗಳು ಅದನ್ನು ಕೆಳಗೆ ನುಂಗುತ್ತವೆ. ಅದಕ್ಕೆ ಬೇಡದ ಚೂರು ಬಟ್ಟೆಯೊಂದರ ಮೇಲೆ ಹೊಲಿಗೆ ಶುರು ಮಾಡಿ, ಅದರ ಹಿಂದೆಯೇ ಮೊದಲ ಜೋಡಿಯನ್ನು ಕೊಡಿ. ದಾರ ಕತ್ತರಿಸದೆ ಒಂದರ ಹಿಂದೆ ಒಂದು ಜೋಡಿ ಕೊಡುತ್ತ ಹೋಗಿ. 80 ಜೋಡಿಯೂ ತೋರಣದ ಹಾಗೆ ಸಾಲಾಗಿ ಬರುತ್ತವೆ, ಆಮೇಲೆ ಬಿಡಿಸಿಕೊಳ್ಳಿ. ಬಟ್ಟೆಯನ್ನು ಹಿಂದಿನಿಂದ ಎಳೆಯಬೇಡಿ, ಮುಂದಿನಿಂದ ತಳ್ಳಬೇಡಿ. ಇದು ಓರೆ ಅಂಚು, ನಿಮ್ಮ ಕೈ ಬರೀ ದಾರಿ ತೋರಿಸಿದರೆ ಸಾಕು.

ಇಸ್ತ್ರಿ ಹಾಕುವಾಗ ಮೊದಲು ಜೋಡಿ ಮುಚ್ಚಿರುವಾಗಲೇ ಹೊಲಿಗೆಯ ಮೇಲೆ ಒಮ್ಮೆ ಒತ್ತಿ. ದಾರ ಬಟ್ಟೆಯೊಳಗೆ ಕೂರುತ್ತದೆ. ಆಮೇಲೆ ಬಣ್ಣದ ತುಂಡು ಮೇಲೆ ಬರುವ ಹಾಗೆ ಇಟ್ಟು, ಅದನ್ನು ಬಿಡಿಸಿ ಒತ್ತಿ. ಹೊಲಿಗೆಯ ಮಾರ್ಜಿನ್, ಅಂದರೆ ಹೊಲಿಗೆಯಾಚೆ ಉಳಿದ ಕಾಲು ಇಂಚಿನ ಬಟ್ಟೆ, ತಾನಾಗಿ ಬಣ್ಣದ ಬದಿಗೆ ಮಲಗುತ್ತದೆ, ತಿಳಿ ಬಣ್ಣದ ಕೆಳಗಿನಿಂದ ಗಾಢ ಬಣ್ಣ ಇಣುಕುವುದಿಲ್ಲ. ಇಸ್ತ್ರಿಪೆಟ್ಟಿಗೆಯನ್ನು ಅಂಗಿಗೆ ಉಜ್ಜಿದ ಹಾಗೆ ಉಜ್ಜಬೇಡಿ. ಇಟ್ಟು ಒತ್ತಿ, ಎತ್ತಿ, ಪಕ್ಕಕ್ಕೆ ಇಡಿ. ಹಬೆಯೂ ಬೇಡ. ಚೌಕ 3½ ಇಂಚು ಇದೆಯಾ ಅಂತ ನಾಲ್ಕಾರು ತುಂಡು ಅಳೆಯಿರಿ.

ಅಳತೆ ಕಡಿಮೆ ಬಂದರೆ ತಪ್ಪು ಹೊಲಿಗೆಯಲ್ಲಿದೆ ಅಥವಾ ಇಸ್ತ್ರಿಯಲ್ಲಿದೆ. ಹೆಚ್ಚು ಬಂತು ಅಂತ ಕತ್ತರಿಸಿ ಸರಿ ಮಾಡಲು ಹೋಗಬೇಡಿ. ಕತ್ತರಿಸಿದರೆ ನಕ್ಷತ್ರದ ತುದಿ ಮೂಲೆಯಿಂದ ಆಚೆ ಸರಿಯುತ್ತದೆ. ಬಿಚ್ಚಿ ಮತ್ತೆ ಹೊಲಿಯುವುದೇ ಒಳ್ಳೆಯದು.

ಬ್ಲಾಕ್

ಒಂದು ಬ್ಲಾಕಿನ 9 ತುಂಡನ್ನು ಮೇಜಿನ ಮೇಲೆ ಜೋಡಿಸಿ. ನಡುವೆ ಬಣ್ಣದ ಚೌಕ, ಮೂಲೆಗೆ ತಿಳಿ ಬಣ್ಣದ ಚೌಕಗಳು. ತ್ರಿಕೋನದ ಜೋಡಿ ಇಡುವಾಗ ಬಣ್ಣದ ಬದಿಯ ಒಂದು ಪೂರ್ತಿ ಅಂಚು ನಡುವಿನ ಚೌಕಕ್ಕೆ ತಾಗಬೇಕು. ಮೇಲಿನ ಮನೆಯಲ್ಲಿ ಬಣ್ಣದ ತ್ರಿಕೋನದ ಲಂಬ ಮೂಲೆ ಕೆಳಗೆ ಎಡಕ್ಕೆ ಬರಲಿ. ಅದನ್ನೇ ಗಡಿಯಾರದ ದಿಕ್ಕಿಗೆ ಕಾಲು ಸುತ್ತು ತಿರುಗಿಸಿದರೆ ಬಲಗಡೆಯ ಮನೆ, ಇನ್ನೊಂದು ಕಾಲು ಸುತ್ತಿಗೆ ಕೆಳಗಿನದು, ಮತ್ತೊಂದಕ್ಕೆ ಎಡಗಡೆಯದು. ನಕ್ಷತ್ರ ಗಾಳಿಗಿರಿಗಿಟ್ಟಲೆಯಂತೆ ಒಂದೇ ಕಡೆಗೆ ತಿರುಗಿದಂತೆ ಕಾಣುತ್ತದೆ. ಒಂದು ತುಂಡು ಉಲ್ಟಾ ಆದರೂ ಅದು ಮುರಿಯುತ್ತದೆ. ಇಪ್ಪತ್ತೂ ಬ್ಲಾಕ್ ಒಂದೇ ದಿಕ್ಕಿಗೆ ತಿರುಗಬೇಕು, ಹಾಗಾಗಿ ಮೊದಲ ಬ್ಲಾಕ್ ಮುಗಿಸಿ ಕಣ್ಣೆದುರಿಗೆ ಇಟ್ಟುಕೊಳ್ಳಿ.

ಮೊದಲು ಮೂರು ಅಡ್ಡಸಾಲು ಹೊಲಿಯಿರಿ. ಆಮೇಲೆ ಇಸ್ತ್ರಿ. ಇಲ್ಲಿ ಯಾವ ಕಡೆ ಒತ್ತುತ್ತೀರಿ ಅನ್ನುವುದು ಮುಖ್ಯ. ಮೇಲಿನ ಮತ್ತು ಕೆಳಗಿನ ಸಾಲಿನ ಹೊಲಿಗೆಗಳನ್ನು ಹೊರಗಿನ ಚೌಕಗಳ ಕಡೆಗೆ ಒತ್ತಿ. ನಡುವಿನ ಸಾಲಿನದನ್ನು ನಡುವಿನ ಚೌಕದ ಕಡೆಗೆ ಒತ್ತಿ. ಹೀಗೆ ಮಾಡಿದರೆ ಸಾಲುಗಳನ್ನು ಸೇರಿಸುವಾಗ ಎರಡು ಹೊಲಿಗೆಗಳು ಎದುರು ಬದುರು ದಿಕ್ಕಿಗೆ ಮಲಗಿರುತ್ತವೆ. ಬೆರಳಲ್ಲಿ ಸವರಿದರೆ ಒಂದಕ್ಕೊಂದು ಕಚ್ಚಿಕೊಳ್ಳುವುದು ಗೊತ್ತಾಗುತ್ತದೆ. ಅಲ್ಲಿಗೆ ಒಂದು ಪಿನ್ ಚುಚ್ಚಿ ಹೊಲಿದರೆ ಮೂಲೆ ಸರಿಯಾಗಿ ಕೂರುತ್ತದೆ. ಸಾಲುಗಳನ್ನು ಸೇರಿಸಿದ ಎರಡು ಉದ್ದ ಹೊಲಿಗೆಗಳನ್ನು ನಡುವಿನ ಸಾಲಿನ ಕಡೆಗೆ ಒತ್ತಿ. ಎಲ್ಲ 20 ಬ್ಲಾಕಿಗೂ ಇದೇ ಕ್ರಮ. ಬ್ಲಾಕ್ ಈಗ 9½ ಇಂಚು ಇರಬೇಕು.

ಎಲ್ಲ ಬ್ಲಾಕಿಗೂ ಒಂದೇ ಥರ ಒತ್ತಿದರೆ ಪಕ್ಕದ ಬ್ಲಾಕುಗಳು ಹೇಗೆ ಕಚ್ಚಿಕೊಳ್ಳುತ್ತವೆ ಅಂತ ಕೇಳಬಹುದು. ಚದುರಂಗದ ಮನೆಯ ಹಾಗೆ ಒಂದು ಬಿಟ್ಟು ಒಂದು ಬ್ಲಾಕನ್ನು ಕಾಲು ಸುತ್ತು ತಿರುಗಿಸಿ ಇಡಿ. ಈ ನಕ್ಷತ್ರವನ್ನು ಎಷ್ಟು ಕಾಲು ಸುತ್ತು ತಿರುಗಿಸಿದರೂ ಹಾಗೆಯೇ ಕಾಣುತ್ತದೆ. ಆದರೆ ಹಿಂದಿನ ಹೊಲಿಗೆಗಳ ದಿಕ್ಕು ಅದಲು ಬದಲಾಗುತ್ತದೆ. ತಿರುಗಿಸದ ಬ್ಲಾಕಿನ ಪಕ್ಕದ ಅಂಚಿನಲ್ಲಿ ಹೊಲಿಗೆ ಒಳಮುಖ, ತಿರುಗಿಸಿದ್ದರಲ್ಲಿ ಹೊರಮುಖ. ಮೇಲೆ ಕೆಳಗೂ ಹಾಗೆಯೇ. ಎಲ್ಲ ಕಡೆಯೂ ಹೊಲಿಗೆ ಎದುರು ಬದುರು ಸಿಗುತ್ತದೆ. ಈ ಮಾದರಿಯನ್ನು ಆರಿಸಿಕೊಂಡದ್ದಕ್ಕೆ ಇದೂ ಒಂದು ಕಾರಣ.

ಬ್ಲಾಕುಗಳನ್ನು ಸೇರಿಸುವುದು

20 ಬ್ಲಾಕುಗಳನ್ನೂ ನೆಲದ ಮೇಲೆ ಹರಡಿ. ಒಂದೇ ಬಣ್ಣ ಪಕ್ಕಪಕ್ಕ ಬರದ ಹಾಗೆ ಅದಲು ಬದಲು ಮಾಡಿ. ಫೋನಿನಲ್ಲಿ ಒಂದು ಫೋಟೋ ತೆಗೆದು ಕಪ್ಪು ಬಿಳುಪು ಮಾಡಿ ನೋಡಿ. ಗಾಢವಾದವು ಒಂದೇ ಮೂಲೆಗೆ ಸೇರಿದ್ದರೆ ತಕ್ಷಣ ಕಾಣುತ್ತದೆ, ಬಣ್ಣದಲ್ಲಿ ನೋಡಿದಾಗ ಇದು ಕಣ್ಣಿಗೆ ಬೀಳುವುದಿಲ್ಲ. ಜೋಡಣೆ ಒಪ್ಪಿತವಾದ ಮೇಲೆ ಆ ಫೋಟೋವನ್ನೇ ನೋಡಿಕೊಂಡು ಹೊಲಿಯಬಹುದು. ಸಾಲಿಗೆ 4ರಂತೆ 5 ಸಾಲು ಮಾಡಿ. ಬ್ಲಾಕ್ ಸೇರಿಸಿದ ಹೊಲಿಗೆಗಳನ್ನು ಒಂದು ಸಾಲಿನಲ್ಲಿ ಎಡಕ್ಕೆ, ಮುಂದಿನದರಲ್ಲಿ ಬಲಕ್ಕೆ ಒತ್ತಿ, ಸಾಲುಗಳನ್ನು ಜೋಡಿಸಿ.

ಬಾರ್ಡರಿನ 5 ಪಟ್ಟಿಗಳನ್ನು ತುದಿಗೆ ತುದಿ ಹೊಲಿದು ಒಂದೇ ಉದ್ದ ಪಟ್ಟಿ ಮಾಡಿ. ಅದನ್ನು ಅಳೆಯದೆ ಸುಮ್ನೆ ಅಂಚಿಗೆ ಹಿಡಿದು ಹೊಲಿದು ಮಿಕ್ಕಿದ್ದನ್ನು ಕತ್ತರಿಸುವ ಅಭ್ಯಾಸ ಬೇಡ, ಬಾರ್ಡರ್ ಅಲೆ ಅಲೆಯಾಗುತ್ತದೆ. ಕ್ವಿಲ್ಟಿನ ನಡುವಿನಲ್ಲಿ ಮೇಲಿನಿಂದ ಕೆಳಗೆ ಅಳೆಯಿರಿ, ಸುಮಾರು 45½ ಇಂಚು ಬರುತ್ತದೆ. ಆ ಅಳತೆಗೇ ಎರಡು ಪಟ್ಟಿ ಕತ್ತರಿಸಿ, ನಡು, ತುದಿ ಹೊಂದಿಸಿ ಪಿನ್ ಮಾಡಿ, ಎಡಬಲಕ್ಕೆ ಹೊಲಿಯಿರಿ. ಆಮೇಲೆ ಅಡ್ಡಕ್ಕೆ ಅಳೆದು, ಸುಮಾರು 42½ ಇಂಚು, ಮೇಲೆ ಕೆಳಗಿನದನ್ನು ಹೊಲಿಯಿರಿ.

ಮೂರು ಪದರ

ಹಿಂಬದಿಯ ಬಟ್ಟೆಯನ್ನು ಎರಡು ತುಂಡು ಮಾಡಿ, ಗಟ್ಟಿ ಅಂಚು ಕತ್ತರಿಸಿ ತೆಗೆದು, ಜೋಡಿಸಿಕೊಳ್ಳಿ. ಮೇಲ್ಪದರಕ್ಕಿಂತ ಸುತ್ತಲೂ 4 ಇಂಚು ದೊಡ್ಡದಿರಲಿ. ನೆಲದ ಮೇಲೆ ಉಲ್ಟಾ ಹಾಸಿ, ಸುಕ್ಕು ಹೋಗುವಷ್ಟು ಮಾತ್ರ ಎಳೆದು, ಅಂಚಿಗೆ ಟೇಪ್ ಹಾಕಿ. ಅದರ ಮೇಲೆ ವಾಡಿಂಗ್, ಅದರ ಮೇಲೆ ಮೇಲ್ಪದರ ಮುಖ ಮೇಲೆ ಮಾಡಿ. ನಡುವಿನಿಂದ ಹೊರಕ್ಕೆ ಅಂಗೈ ಅಗಲಕ್ಕೊಂದರಂತೆ ಸೇಫ್ಟಿ ಪಿನ್ ಹಾಕಿ. ಕೈಯಲ್ಲಿ ಕ್ವಿಲ್ಟ್ ಮಾಡುವವರು ಪಿನ್ ಬದಲು ಉದ್ದುದ್ದ ಕಚ್ಚಾ ಹೊಲಿಗೆ ಹಾಕಿಕೊಳ್ಳಿ, ದಾರ ಪಿನ್ನಿಗೆ ಸಿಕ್ಕಿಕೊಳ್ಳುವುದಿಲ್ಲ.

ಹೊಲಿಗೆಯ ವಿನ್ಯಾಸ ನಿಮ್ಮಿಷ್ಟ. ನನಗೆ ಈ ಕ್ವಿಲ್ಟಿಗೆ ಓರೆ ಗೆರೆಗಳೇ ಚೆಂದ ಅನ್ನಿಸುತ್ತದೆ. ಬ್ಲಾಕಿನ ಮೂಲೆಯಿಂದ ಮೂಲೆಗೆ, ನಡುವಿನ ಚೌಕವನ್ನು ದಾಟಿ, ಎರಡೂ ದಿಕ್ಕಿಗೆ ಹೊಲಿಯುತ್ತ ಹೋದರೆ ವಜ್ರದಾಕಾರದ ಬಲೆ ಮೂಡುತ್ತದೆ. ಗುರುತು ಹಾಕುವ ಕೆಲಸವೂ ಕಡಿಮೆ, ಚೌಕದ ಮೂಲೆಗಳೇ ದಾರಿ ತೋರಿಸುತ್ತವೆ. ಗೆರೆಗಳ ನಡುವೆ ಸುಮಾರು 6⅜ ಇಂಚು ಅಂತರ ಬರುತ್ತದೆ. ವಾಡಿಂಗಿನ ಪೊಟ್ಟಣದ ಮೇಲೆ ಹೊಲಿಗೆಗಳು ಎಷ್ಟು ದೂರ ಇರಬಹುದು ಅಂತ ಬರೆದಿರುತ್ತಾರೆ. ಅದು ಇದಕ್ಕಿಂತ ಕಡಿಮೆ ಇದ್ದರೆ ನಡುವೆ ಇನ್ನೊಂದೊಂದು ಗೆರೆ ಸೇರಿಸಿ, ಇಲ್ಲವಾದರೆ ಒಗೆದಾಗ ಹತ್ತಿ ಗಂಟು ಕಟ್ಟುತ್ತದೆ. ಯಂತ್ರಕ್ಕೆ ವಾಕಿಂಗ್ ಫೂಟ್ (ಮೇಲಿನ ಪದರವನ್ನೂ ಕೆಳಗಿನದರ ಜೊತೆಗೇ ಸಾಗಿಸುವ ಪಾದ) ಹಾಕಿ, ಹೊಲಿಗೆಯ ಉದ್ದ 3 ಮಿಲಿಮೀಟರ್ ಮಾಡಿ. ಮೊದಲ ಗೆರೆ ಕ್ವಿಲ್ಟಿನ ನಡುವೆ ಬರಲಿ, ಅಲ್ಲಿಂದ ಎರಡೂ ಕಡೆಗೆ ಹೋಗಿ.

ಅಂಚುಪಟ್ಟಿ

ಹೆಚ್ಚಾದ ವಾಡಿಂಗ್, ಹಿಂಬದಿ ಬಟ್ಟೆಯನ್ನು ಮೇಲ್ಪದರದ ಅಂಚಿಗೆ ಸಮ ಮಾಡಿ ಕತ್ತರಿಸಿ. 2½ ಇಂಚು ಅಗಲದ 5 ಪಟ್ಟಿ ಬೇಕು. ಪಟ್ಟಿಗಳನ್ನು ಓರೆ ಹೊಲಿಗೆಯಲ್ಲಿ ಜೋಡಿಸಿದರೆ ಜೋಡಣೆಯ ಜಾಗ ಉಬ್ಬುವುದಿಲ್ಲ. ಉದ್ದಕ್ಕೆ ಎರಡಾಗಿ ಮಡಚಿ ಇಸ್ತ್ರಿ ಹಾಕಿ.

ಕ್ವಿಲ್ಟಿನ ಮುಂಬದಿಯಲ್ಲಿ, ಒಂದು ಬದಿಯ ನಡುವಿನಿಂದ ಶುರು ಮಾಡಿ. ಪಟ್ಟಿಯ ಬಿಚ್ಚು ಅಂಚನ್ನು ಕ್ವಿಲ್ಟಿನ ಅಂಚಿಗೆ ಹೊಂದಿಸಿ, ಮೊದಲ 8 ಇಂಚು ಹೊಲಿಯದೆ ಬಿಟ್ಟು, ಕಾಲು ಇಂಚಿಗೆ ಹೊಲಿಯಿರಿ. ಮೂಲೆಗೆ ಕಾಲು ಇಂಚು ಇರುವಾಗ ನಿಲ್ಲಿಸಿ, ದಾರ ಕತ್ತರಿಸಿ. ಪಟ್ಟಿಯನ್ನು ನೇರ ಮೇಲಕ್ಕೆ ಮಡಚಿ, ಮತ್ತೆ ಮುಂದಿನ ಬದಿಯ ಗುಂಟ ಕೆಳಕ್ಕೆ ಮಡಚಿ. ಮೇಲಿನ ಮಡಿಕೆ ಕ್ವಿಲ್ಟಿನ ಅಂಚಿಗೆ ಸಮ ಇರಲಿ. ಅಲ್ಲಿಂದ ಮತ್ತೆ ಹೊಲಿಯಿರಿ. ಪಟ್ಟಿಯನ್ನು ಹಿಂದಕ್ಕೆ ಮಗುಚಿದಾಗ ಮೂಲೆಯಲ್ಲಿ ಓರೆ ಮಡಿಕೆ ತಾನಾಗಿ ಮೂಡುತ್ತದೆ.

ಸುತ್ತು ಮುಗಿಯುವ ಮುಂಚೆ 10 ಇಂಚು ಖಾಲಿ ಬಿಡಿ. ಎರಡು ತುದಿಗಳೂ ಒಂದರ ಮೇಲೊಂದು 2½ ಇಂಚು, ಅಂದರೆ ಪಟ್ಟಿಯ ಅಗಲದಷ್ಟೇ, ಬರುವ ಹಾಗೆ ಕತ್ತರಿಸಿ. ಮಡಿಕೆ ಬಿಡಿಸಿ, ಮುಖಕ್ಕೆ ಮುಖ, ಒಂದಕ್ಕೊಂದು ಅಡ್ಡ ಇಟ್ಟು ಓರೆಯಾಗಿ ಹೊಲಿಯಿರಿ. ಮಾರ್ಜಿನ್ ಕತ್ತರಿಸುವ ಮುಂಚೆ ಪಟ್ಟಿ ತಿರುಚಿಕೊಂಡಿಲ್ಲವಾ ಅಂತ ಒಮ್ಮೆ ಹರಡಿ ನೋಡಿ. ಆಮೇಲೆ ಉಳಿದ ಜಾಗ ಹೊಲಿದು, ಪಟ್ಟಿಯನ್ನು ಹಿಂದಕ್ಕೆ ಮಗುಚಿ, ಯಂತ್ರದ ಹೊಲಿಗೆ ಮುಚ್ಚುವ ಹಾಗೆ ಕೈಯಲ್ಲಿ ಹೆಮ್ಮಿಂಗ್ ಮಾಡಿ. ಯಂತ್ರದಲ್ಲೂ ಮುಗಿಸಬಹುದು, ಆದರೆ ಕೈಹೊಲಿಗೆಯ ಅಂಚು ಮೆತ್ತಗಿರುತ್ತದೆ. ಮಗುವಿನ ಕೆನ್ನೆಗೆ ತಾಗುವುದು ಆ ಅಂಚೇ ಅಲ್ವಾ? ಅಷ್ಟು ಸಮಯ ಕೊಡಿ.

ಮೊದಲ ಒಗೆತ ತಣ್ಣೀರಿನಲ್ಲಿ, ಬೇರೆ ಬಟ್ಟೆಗಳ ಜೊತೆ ಸೇರಿಸದೆ. ಹಿಂಡಬೇಡಿ. ಟವೆಲಿನಲ್ಲಿ ಸುತ್ತಿ ನೀರು ಒತ್ತಿ ತೆಗೆದು, ನೆರಳಿನಲ್ಲಿ ಚಪ್ಪಟೆಯಾಗಿ ಹರಡಿ ಒಣಗಿಸಿ.